ಒಂಬತ್ತು ವೆಬ್‌ಸೈಟು, ಒಂದೇ ಅಂಗಡಿ: ಮುಂಬೈನ ಒಂದು ಪ್ರಕರಣ

ಮುಂಬೈನ ಸೆಂಟ್ರಲ್ ಲೈನಿನ ಒಂದು ಸ್ಟೇಷನ್ ಹತ್ತಿರ ಈ ಅಂಗಡಿ ಇದೆ. ಹೋಟೆಲ್ ಅಡುಗೆಮನೆಯ ಸಾಮಾನು ಮಾರುತ್ತಾರೆ: ದೋಸೆ ಭಟ್ಟಿ, ಗ್ರೈಂಡರ್, ಇಡ್ಲಿ ಸ್ಟೀಮರ್, ಚಹಾ ಕಾಫಿಯ ಬಾಯ್ಲರ್, ಸ್ಟೀಲ್ ಟೇಬಲ್. ಒಂದು ವ್ಯಾಪಾರಕ್ಕೆ ಒಂದೇ ವೆಬ್‌ಸೈಟು ಸಾಕೇ, ಸಾಮಾನಿಗೊಂದು ಬೇಕೇ ಅನ್ನುವುದು ಇಲ್ಲಿನ ಪ್ರಶ್ನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರಾಗಲಿ, ಸ್ಟೇಷನ್ನಾಗಲಿ, ಸೈಟುಗಳ ವಿಳಾಸವಾಗಲಿ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ. ಅಂಗಡಿಯ ಹಿರಿಯರನ್ನು ಮನೆಯಲ್ಲಿ ಕರೆಯುವ ಹಾಗೆ ಅಪ್ಪಯ್ಯ ಅನ್ನುತ್ತೇನೆ. ವೆಬ್‌ಸೈಟುಗಳ ಉಸ್ತುವಾರಿ ಅವರ ಮಗನದ್ದು. ನಾನು ಡೊಂಬಿವಲಿಯಲ್ಲಿ ಕೂತು ಸಣ್ಣ ವ್ಯಾಪಾರಿಗಳ ಸೈಟು ನೋಡಿಕೊಳ್ಳುವವನು. ಈ ಪ್ರಕರಣದಲ್ಲಿ ಎರಡು ಸಲ ತಪ್ಪು ಮಾಡಿದವನೂ ನಾನೇ. ಅದನ್ನು ಮುಂದೆ ಹೇಳುತ್ತೇನೆ.

ಹಿನ್ನೆಲೆ

ಅಪ್ಪಯ್ಯ ಕುಂದಾಪುರದ ಕಡೆಯವರು. 14ನೇ ವಯಸ್ಸಿಗೆ ಮುಂಬೈಗೆ ಬಂದರು. ಹಗಲು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ನೈಟ್ ಸ್ಕೂಲು. ಹೋಟೆಲಿನ ಗ್ರೈಂಡರ್ ಕೆಟ್ಟಾಗ ಬಿಚ್ಚಿ ಜೋಡಿಸುವುದನ್ನು ನೋಡಿ ನೋಡಿ ಕಲಿತರು. ಮುಂದೆ ರಿಪೇರಿ ಅಂಗಡಿ ಹಾಕಿದರು. ರಿಪೇರಿಗೆ ಬಂದವರು ಹೊಸದು ಕೇಳತೊಡಗಿದಾಗ ಮಾರಾಟವೂ ಶುರುವಾಯಿತು. ಠಾಣೆ, ಮುಲುಂಡ್, ವಾಶಿ, ಪನ್ವೇಲ್‌ವರೆಗಿನ ಹೋಟೆಲಿನವರು ಇವರ ಗಿರಾಕಿಗಳು.

ಅಂಗಡಿ ದೊಡ್ಡದಲ್ಲ. ಬಾಗಿಲಲ್ಲೇ ದೋಸೆ ಭಟ್ಟಿ, ಅದರ ಹಿಂದೆ ಗ್ರೈಂಡರ್ ಸಾಲು, ಮೇಲಿನ ಅಟ್ಟದಲ್ಲಿ ಪಾತ್ರೆ. ಮುಚ್ಚಿದ ಹೋಟೆಲುಗಳಿಂದ ಕೊಂಡ ಹಳೆ ಸಾಮಾನು ಮಾತ್ರ ಇಲ್ಲಿ ಇಡುವುದಿಲ್ಲ. ಅದಕ್ಕೆ ಭಿವಂಡಿಯಲ್ಲಿ ಬೇರೆ ಗೋಡೌನ್ ಇದೆ. ಮೊದಲ ದಿನ ಇದನ್ನು ನೋಡಿದಾಗ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು.

ಮಗ ಬಿ.ಕಾಂ. ಮುಗಿಸಿ ಅಂಗಡಿಗೆ ಬಂದಿದ್ದು 2015ರಲ್ಲಿ. ಬಂದವನೇ ಅಂಗಡಿಯ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಿಸಿದ. ಆಗ ಎಸ್‌ಇಒ (ಗೂಗಲ್‌ನಲ್ಲಿ ಸೈಟು ಮೇಲೆ ಬರುವ ಹಾಗೆ ಮಾಡುವ ಕೆಲಸ) ಮಾಡುವವರೊಬ್ಬರು ಸಿಕ್ಕಿದರು. ಅವರ ಸಲಹೆ ಹೀಗಿತ್ತು: ಅಂಗಡಿಯ ಹೆಸರು ಯಾರಿಗೆ ಗೊತ್ತು? ಜನ ಗೂಗಲ್‌ನಲ್ಲಿ ಹುಡುಕುವುದು ಸಾಮಾನಿನ ಹೆಸರನ್ನು. ಹಾಗಾಗಿ ಒಂದೊಂದು ಸಾಮಾನಿಗೂ ಒಂದೊಂದು ಸೈಟು ಮಾಡಿ. ಸಾಮಾನಿನ ಹೆಸರು, ಮುಂಬೈ, ಡಾಟ್ ಕಾಮ್. ಅಷ್ಟೇ.

ಈ ಸಲಹೆ ಪೂರ್ತಿ ಸುಳ್ಳಲ್ಲ. ಒಂದು ಕಾಲದಲ್ಲಿ ಹುಡುಕುವ ಪದವೇ ಡೊಮೇನ್ ಹೆಸರು, ಅಂದರೆ ಸೈಟಿನ ವಿಳಾಸ, ಆಗಿದ್ದರೆ ಗೂಗಲ್‌ನಲ್ಲಿ ಮೇಲೆ ಬರುವುದು ಸುಲಭವಿತ್ತು. ಆದರೆ 2012ರ ಸೆಪ್ಟೆಂಬರ್‌ನಲ್ಲೇ ಗೂಗಲ್ ಅದಕ್ಕೆ ಕತ್ತರಿ ಹಾಕಿತ್ತು. ಹೆಸರು ಮಾತ್ರ ಸರಿಯಿದ್ದು ಒಳಗೆ ಸರಕಿಲ್ಲದ ಸೈಟುಗಳು ಆ ಸಲ ಕೆಳಗೆ ಬಿದ್ದವು. ಅಂದರೆ ನಮ್ಮ ಹುಡುಗನಿಗೆ ಸಿಕ್ಕಿದ್ದು ಮೂರು ವರ್ಷ ಹಳಸಿದ ಸಲಹೆ.

ಆದರೂ ಶುರುವಿಗೆ ಕೆಲಸ ಮಾಡಿತು. ಇಡ್ಲಿ ಸ್ಟೀಮರ್ ಸೈಟು ಕೆಲವೇ ತಿಂಗಳಲ್ಲಿ ಮೊದಲ ಪುಟಕ್ಕೆ ಬಂತು, ಫೋನೂ ಬರತೊಡಗಿತು. ಒಂದು ಗೆದ್ದರೆ ಇನ್ನೊಂದಕ್ಕೆ ಕೈ ಹಾಕುವುದು ಸಹಜ, ಅಲ್ವಾ? 2018ರ ಕೊನೆಗೆ ಅಂಗಡಿಯ ಹೆಸರಿನ ಸೈಟಿನ ಜೊತೆಗೆ ದೋಸೆ ತವಾ, ಗ್ರೈಂಡರ್, ಸ್ಟೀಮರ್, ಬಾಯ್ಲರ್, ಸ್ಟೀಲ್ ಟೇಬಲ್, ಚಿಮಣಿ, ಊಟದ ಕೌಂಟರ್, ಸೆಕೆಂಡ್ ಹ್ಯಾಂಡ್ ಸಾಮಾನು, ಒಟ್ಟು ಒಂಬತ್ತು ಆಗಿತ್ತು.

ತೊಂದರೆ ಶುರುವಾದದ್ದು

ಒಂಬತ್ತು ಸೈಟು ತುಂಬಿಸಲು ಮಗ ಸ್ಟೀಮರ್ ಸೈಟಿನ ಬರಹವನ್ನೇ ಎತ್ತಿ, ಪದ ಬದಲಾಯಿಸಿ ಎಲ್ಲ ಕಡೆ ಹಾಕಿದ್ದ. ಆ ಬರಹ ತವಾ ಸೈಟಿಗೆ ಹೋಗಿದ್ದು ಗ್ರೈಂಡರ್ ಸೈಟಿನ ಮೂಲಕ. ಅಲ್ಲಿ ಒಂದು ಸಾಲು ಕಣ್ಣು ತಪ್ಪಿ ಉಳಿದಿತ್ತು: ಈ ತವಾದಲ್ಲಿ ಒಂದು ಸಲಕ್ಕೆ 10 ಲೀಟರ್ ಹಿಟ್ಟು ರುಬ್ಬಬಹುದು. ನಾಲ್ಕು ವರ್ಷ ಅದು ಹಾಗೇ ಇತ್ತು. ಯಾರೂ ದೂರು ಹೇಳಿರಲಿಲ್ಲ. ಯಾರೂ ಓದುತ್ತಿರಲಿಲ್ಲ ಅಂತ ಅರ್ಥ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮಹಾರಾಷ್ಟ್ರದಲ್ಲಿ ಹೋಟೆಲಿನೊಳಗೆ ಕೂತು ತಿನ್ನಲು ಮತ್ತೆ ಅನುಮತಿ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ, ಅದೂ ಅರ್ಧ ಸೀಟಿಗೆ. ಹೋಟೆಲೇ ಇಲ್ಲದಿದ್ದರೆ ಭಟ್ಟಿ ಕೊಳ್ಳುವವರು ಯಾರು? ಖರ್ಚು ಉಳಿಸಲು ಮಗ ಚಿಮಣಿ ಸೈಟಿನ ಡೊಮೇನ್ ರಿನ್ಯೂ ಮಾಡದೆ ಬಿಟ್ಟ. ಕೆಲವು ತಿಂಗಳು ಕಳೆದು ಹಳೆ ಗಿರಾಕಿಯೊಬ್ಬರು ಫೋನ್ ಮಾಡಿದರು. ಬಿಲ್ಲಿನ ಮೇಲಿದ್ದ ವಿಳಾಸ ಒತ್ತಿದರೆ ಜೂಜಿನ ಸೈಟು ತೆರೆಯುತ್ತಿತ್ತು. ಬಿಟ್ಟ ಹೆಸರನ್ನು ಬೇರೆ ಯಾರೋ ಕೊಂಡುಬಿಟ್ಟಿದ್ದರು. ಅಪ್ಪಯ್ಯ ಅವತ್ತು ಸಂಜೆ ಹಳೆಯ ಬಿಲ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತರಂತೆ. ಉಳಿದ ಪ್ರತಿಯೊಂದು ಬಿಲ್ಲಿನ ಮೇಲೂ ಆ ವಿಳಾಸದ ಮೇಲೆ ಪೆನ್ನಿನಿಂದ ಗೀಟು ಎಳೆದರು.

2021ರಲ್ಲಿ ಇನ್ನೊಂದು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಲಿಸ್ಟಿಂಗ್ (ಹೆಸರು, ವಿಳಾಸ, ಫೋನ್ ತೋರಿಸುವ ನಮೂದು) ಇತ್ತು, ವರ್ಷಗಳಿಂದ ಕೂಡಿದ ಒಳ್ಳೆಯ ರಿವ್ಯೂಗಳಿದ್ದವು. ಮಗ ಅದೇ ವಿಳಾಸಕ್ಕೆ ತವಾ, ಸ್ಟೀಮರ್, ಗ್ರೈಂಡರ್ ಸೈಟುಗಳ ಹೆಸರಿನಲ್ಲೂ ಬೇರೆ ಬೇರೆ ಲಿಸ್ಟಿಂಗ್ ಮಾಡಿದ್ದ. ಗೂಗಲ್ ನಿಯಮದ ಪ್ರಕಾರ ಒಂದು ಜಾಗದಲ್ಲಿರುವ ಒಂದು ವ್ಯಾಪಾರಕ್ಕೆ ಒಂದೇ ಲಿಸ್ಟಿಂಗ್, ಅದೂ ಬೋರ್ಡಿನ ಮೇಲಿರುವ ಹೆಸರಿನಲ್ಲೇ ಇರಬೇಕು. ನಾಲ್ಕೂ ಒಟ್ಟಿಗೆ ಬಂದ್ ಆದವು. ಬೋರ್ಡಿನ ಫೋಟೊ, ಜಿಎಸ್‌ಟಿ ಸರ್ಟಿಫಿಕೇಟು, ಲೈಟ್ ಬಿಲ್ಲು ಎಲ್ಲ ಕಳಿಸಿ ಹಳೆಯದೊಂದನ್ನು ಮರಳಿ ಪಡೆಯುವಷ್ಟರಲ್ಲಿ ವಾರಗಳೇ ಕಳೆದವು.

ನನಗೆ ಫೋನ್ ಬಂದದ್ದು 2022ರ ಮಳೆಗಾಲಕ್ಕೆ ಸ್ವಲ್ಪ ಮೊದಲು. “ಅಣ್ಣ, ನಮ್ಮ ಸ್ಟೀಮರ್ ಸೈಟು ಗೂಗಲ್‌ನಲ್ಲಿ ಜಪಾನಿ ಭಾಷೆಯಲ್ಲಿ ಬರ್ತಾ ಇದೆ.” ಇದು ಹ್ಯಾಕಿನ ಹಳೆಯ ಜಾತಿ. ಅಪ್‌ಡೇಟ್ ಮಾಡದ ಪ್ಲಗಿನ್ (ಸೈಟಿಗೆ ಜೋಡಿಸುವ ಸಣ್ಣ ಪ್ರೋಗ್ರಾಂ) ಒಂದರ ಮೂಲಕ ಒಳಗೆ ನುಗ್ಗಿ, ಸಾವಿರಾರು ಜಪಾನಿ ಪುಟ ತುಂಬಿಸಿ ಹೋಗುತ್ತಾರೆ. ಒಳಗೆ ನೋಡಿದೆ. ಎಂಟೂ ಸೈಟು ಒಂದೇ ಹೋಸ್ಟಿಂಗ್ ಖಾತೆಯಲ್ಲಿ (ಸೈಟಿನ ಫೈಲುಗಳನ್ನು ಇಡುವ ಬಾಡಿಗೆ ಜಾಗ), ಅಕ್ಕಪಕ್ಕದ ಫೋಲ್ಡರುಗಳಲ್ಲಿ ಇದ್ದವು. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ಹರಡಿತ್ತು. ಬೇರೆ ಬೇರೆ ಸೈಟಿದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ ಅನ್ನುವ ಧೈರ್ಯ ಎಷ್ಟು ಪೊಳ್ಳು ಅಂತ ಮಗನಿಗೆ ಅವತ್ತು ಗೊತ್ತಾಯಿತು. ಹೆಸರು ಎಂಟು, ಗೋಡೆ ಒಂದೂ ಇಲ್ಲ.

ಶುಚಿ ಮಾಡುವಾಗ ಸಿಕ್ಕಿದ ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದ್ದು. ಮೂರು ಸೈಟುಗಳಲ್ಲಿದ್ದ ಮೊಬೈಲ್ ನಂಬರ್ ಅಂಗಡಿಯದ್ದಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಸೇಲ್ಸ್ ಹುಡುಗನದ್ದು. ಅವನು 2019ರಲ್ಲೇ ಬಿಟ್ಟು ಹೋಗಿ ಸ್ವಂತ ಅಂಗಡಿ ಹಾಕಿದ್ದ, ಇದೇ ಸಾಮಾನಿನದ್ದು. ಮೂರು ವರ್ಷ ಇವರು ದುಡ್ಡು ಕೊಟ್ಟು ಅವನಿಗೆ ಗಿರಾಕಿ ಕಳಿಸಿದ್ದರು. ಮಗನ ಮುಖ ಕಪ್ಪಿಟ್ಟಿತು. ಅಪ್ಪಯ್ಯ ಮಾತ್ರ ನಕ್ಕರು. “ಅವನೂ ನಮ್ಮ ಅಂಗಡಿಯಲ್ಲೇ ಕಲಿತವನು, ಬದುಕಲಿ ಬಿಡು” ಅಂದು ಚಹಾ ತರಿಸಿದರು.

ಏನೇನು ಮಾಡಿ ನೋಡಿದೆವು

ನಾನು ಅವತ್ತೇ ಹೇಳಿದೆ: ಎಲ್ಲವನ್ನೂ ಒಂದೇ ಸೈಟಿಗೆ ಸೇರಿಸಿಬಿಡಿ. ಮಗ ಒಪ್ಪಲಿಲ್ಲ. ಅವನ ಮಾತಿನಲ್ಲೂ ಹುರುಳಿತ್ತು. ಸ್ಟೀಮರ್ ಸೈಟು ಇನ್ನೂ ಮೇಲೇ ಇದೆ, ದಿನಕ್ಕೆ ಒಂದೆರಡು ಫೋನು ಅದರಿಂದಲೇ ಬರುತ್ತಿದೆ. ಅದನ್ನು ಮುಟ್ಟಿ ಕೆಡಿಸಿಕೊಳ್ಳುವುದು ಯಾಕೆ? ಜೊತೆಗೆ, ಸ್ಟೀಮರ್ ಒಂದನ್ನೇ ಮಾರುವ ಸೈಟು ಕಂಡರೆ ಜನ ಇವರು ಇದರಲ್ಲಿ ಪಳಗಿದವರು ಅಂದುಕೊಳ್ಳುತ್ತಾರೆ. ಎಲ್ಲ ಮಾರುವ ಅಂಗಡಿಗೆ ಆ ಮರ್ಯಾದೆ ಇಲ್ಲ.

ಹಾಗಾಗಿ ಮೊದಲು ಎಂಟನ್ನೂ ಉಳಿಸಿಕೊಳ್ಳುವ ದಾರಿ ಹಿಡಿದೆವು. ವಾರಕ್ಕೆ ಒಂದು ಸೈಟು: ಬೆಲೆ ಸರಿ ಮಾಡುವುದು, ಫೋಟೊ ಹೊಸದಾಗಿ ತೆಗೆಯುವುದು, ಬರಹ ಬೇರೆ ಬರೆಯುವುದು. ಎರಡು ಸೈಟು ಮುಗಿಯಿತು. ಮೂರನೇ ವಾರ ವಾಶಿಯಲ್ಲಿ ಒಂದು ಹೋಟೆಲಿನ ಫಿಟ್ಟಿಂಗ್ ಕೆಲಸ ಬಂತು, ಮಗ ಅಲ್ಲಿಗೆ ಹೋದ. ಕೆಲಸ ಅಲ್ಲಿಗೇ ನಿಂತಿತು. ಎಂಟು ವಾರದ ಸುತ್ತು ಮುಗಿದರೂ ಮೊದಲ ಸೈಟಿನ ಬೆಲೆ ಅಷ್ಟರಲ್ಲಿ ಹಳೆಯದಾಗಿರುತ್ತಿತ್ತು. ಸ್ಟೀಲಿನ ರೇಟು ಯಾರಿಗೂ ಕಾಯುವುದಿಲ್ಲ.

ದಿಕ್ಕು ಬದಲಾಗಿದ್ದು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಿಂದ. ಜಿಎಸ್‌ಟಿ ಬಂದ 2017ರ ಜುಲೈನಿಂದ ಅಂಗಡಿಯ ಬಿಲ್ಲುಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಒಂದು ರಾತ್ರಿ ಶಟರ್ ಎಳೆದ ಮೇಲೆ ಮಗನೂ ನಾನೂ ಪಾರ್ಟಿ ಲೆಡ್ಜರ್ (ಒಬ್ಬೊಬ್ಬ ಗಿರಾಕಿಯ ಖರೀದಿ ಲೆಕ್ಕ) ತೆಗೆದು ಕೂತೆವು. ಯಾವ ಸಾಮಾನು ಜಾಸ್ತಿ ಹೋಗುತ್ತದೆ ಅಂತ ನೋಡಲು ಹೊರಟವರು, ಕಣ್ಣಿಗೆ ಬಿದ್ದದ್ದು ಬೇರೆ. ಹೊಸ ಹೋಟೆಲ್ ಹಾಕುವವರು ಎರಡು ಮೂರು ವಾರದೊಳಗೆ ಎಲ್ಲವನ್ನೂ ಕೊಳ್ಳುತ್ತಾರೆ. ಮೊದಲು ಭಟ್ಟಿ, ಆಮೇಲೆ ಗ್ರೈಂಡರ್, ಟೇಬಲ್, ಸಿಂಕ್, ಕೊನೆಗೆ ಬಾಯ್ಲರ್. ಅಪ್ಪಯ್ಯನ ಹಳೆ ಪರಿಚಯದವರ ಲೆಡ್ಜರ್ ಎಲ್ಲ ಹೀಗೇ ಉದ್ದಕ್ಕೆ ಇತ್ತು. ಸೈಟು ನೋಡಿ ಬಂದವರದ್ದು ಹಾಗಿರಲಿಲ್ಲ. ಒಂದು ಸಾಮಾನು, ಒಂದು ಬಿಲ್ಲು, ಆಮೇಲೆ ಖಾಲಿ.

ಅಂಥ ಒಬ್ಬರಿಗೆ ಮರುದಿನ ಮಗ ಫೋನ್ ಮಾಡಿದ. ನಮ್ಮ ಊರಿನ ಕಡೆಯವರೇ, ಪನ್ವೇಲ್ ಹತ್ತಿರ ಹೊಸ ಹೋಟೆಲ್ ಹಾಕಿದ್ದರು. ತವಾ ಇಲ್ಲಿಂದ ಕೊಂಡಿದ್ದರು, ಗ್ರೈಂಡರ್ ಬೇರೆ ಕಡೆಯಿಂದ. ಯಾಕೆ ಅಂತ ಕೇಳಿದರೆ ಅವರಿಗೇ ಆಶ್ಚರ್ಯ. “ನಿಮ್ದು ತವಾ ಅಂಗಡಿ ಅಂತ ತಿಳ್ಕೊಂಡಿದ್ದೆ ಮಾರಾಯ್ರೆ. ಗ್ರೈಂಡರ್ ಇಡ್ತೀರಿ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?”

ಮಗ ಫೋನಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಳಗಿದವರು ಅನ್ನಿಸಿಕೊಳ್ಳಲು ಮಾಡಿದ ಸೈಟು ಕೆಲಸವೇನೋ ಮಾಡಿತ್ತು. ಮಾಡಿದ್ದೇ ತೊಂದರೆ. ಒಬ್ಬನೇ ಗಿರಾಕಿಯನ್ನು ಎಂಟು ಬಾಗಿಲಲ್ಲಿ ನಿಲ್ಲಿಸಿದ್ದೆವು, ಒಂದು ಬಾಗಿಲಿಂದ ಇನ್ನೊಂದು ಕಾಣುತ್ತಿರಲಿಲ್ಲ. ಸೇರಿಸಬೇಕು ಅಂತ ನಾನೂ ಹೇಳಿದ್ದೆ ನಿಜ. ಆದರೆ ನನ್ನ ಕಾರಣ ನಿರ್ವಹಣೆಯ ತಾಪತ್ರಯ ಮಾತ್ರ. ಲೆಡ್ಜರ್ ಕೊಟ್ಟ ಕಾರಣ ಅದಕ್ಕಿಂತ ಗಟ್ಟಿ.

ಆ ಮೇಲೆ ನಾನು ಉತ್ಸಾಹದಲ್ಲಿ ಎಂಟನ್ನೂ ಒಂದು ಮಾಡುವ ಪಟ್ಟಿ ಬರೆದೆ. ಸೆಕೆಂಡ್ ಹ್ಯಾಂಡ್ ಸೈಟು ಸಹ ಅದರಲ್ಲಿ ಸೇರಿತ್ತು. ಹೊಸ ಗ್ರೈಂಡರ್ ಪುಟದಲ್ಲೇ ಕೆಳಗೆ ಹಳೆ ಗ್ರೈಂಡರ್ ತೋರಿಸಿದರೆ ಬಜೆಟ್ ಕಡಿಮೆ ಇರುವವರಿಗೂ ದಾರಿ ಸಿಗುತ್ತದೆ ಅಂತ ವಿವರಿಸಿದೆ. ಅಲ್ಲಿಯವರೆಗೆ ಪೇಪರ್ ಓದುತ್ತಾ ಕೂತಿದ್ದ ಅಪ್ಪಯ್ಯ ಕನ್ನಡಕ ತೆಗೆದು, ಊರಿನ ಕನ್ನಡಕ್ಕೇ ಇಳಿದರು.

“ಹೊಸ್ತ್ರ ಬದಿಗೆ ಹಳ್ತ್ ಇಟ್ರೆ ಹೊಸ್ತ್ ಯಾರ್ ತಕಂತ್ರ್ ಮಾರಾಯಾ?”

ಭಿವಂಡಿಯ ಗೋಡೌನ್ ಯಾಕೆ ಬೇರೆ ಇದೆ ಅಂತ ನನಗೆ ಆಗ ಹೊಳೆಯಿತು. ಒಮ್ಮೆ ಅವರು ಹಳೆ ಸಾಮಾನನ್ನು ಅಂಗಡಿಯಲ್ಲೇ ಇಟ್ಟು ನೋಡಿದ್ದರಂತೆ. ಹೊಸದು ಕೊಳ್ಳಲು ಬಂದವರು ಹಳೆಯದರ ಬೆಲೆ ಹಿಡಿದು ಚೌಕಾಸಿಗೆ ನಿಂತರು. ಹಳೆಯದು ಕೊಳ್ಳಲು ಬಂದವರು ಪಕ್ಕದಲ್ಲಿ ಮಿರಮಿರ ಮಿಂಚುವ ಹೊಸದು ನೋಡಿ ಮನಸ್ಸು ಎರಡಾಗಿ, ಯಾವುದನ್ನೂ ಕೊಳ್ಳದೆ ಹೋದರು. ಗಾಡಿ ಇಡುವವರು, ಮನೆಯಲ್ಲೇ ಡಬ್ಬಾ ಮಾಡಿ ಕಳಿಸುವವರು, ಕ್ಯಾಂಟೀನ್ ಕಂತ್ರಾಟಿನವರು ಹಳೆಯದನ್ನು ಕೊಳ್ಳುತ್ತಾರೆ. ಅವರಿಗೆ ಗ್ಯಾರಂಟಿ ಬೇಡ, ರೇಟು ಬೇಕು. ಅವರು ಬೇರೆ ಜನ, ಅವರ ಮಾತೂ ಬೇರೆ. ಲಾಕ್‌ಡೌನ್ ನಂತರ ಎಷ್ಟೋ ಹೋಟೆಲು ಮುಚ್ಚಿ ಹಳೆ ಸಾಮಾನು ರಾಶಿ ಬಂದಿತ್ತು, ಆ ಸೈಟಿಗೆ ಜನವೂ ಬರುತ್ತಿದ್ದರು. ಅದನ್ನು ನಾನು ತೆಗೆದುಕೊಂಡು ಹೋಗಿ ಹೊಸದರ ಪಕ್ಕ ಇಡಲು ಹೊರಟಿದ್ದೆ. ಇದು ನನ್ನ ಮೊದಲ ತಪ್ಪು. ಅಪ್ಪಯ್ಯನ ಒಂದು ಮಾತಿನಲ್ಲಿ ಅದು ಕಾಗದದ ಮೇಲೇ ಉಳಿಯಿತು.

ತೀರ್ಮಾನ ಹೀಗಾಯಿತು. ಅಂಗಡಿಯ ಹೆಸರಿನ ಸೈಟು ದೊಡ್ಡದಾಗಬೇಕು. ತವಾ, ಗ್ರೈಂಡರ್, ಸ್ಟೀಮರ್, ಬಾಯ್ಲರ್, ಟೇಬಲ್, ಕೌಂಟರ್, ಈ ಆರೂ ಅದರೊಳಗೆ ಸೇರಬೇಕು. ಸೆಕೆಂಡ್ ಹ್ಯಾಂಡ್ ಬೇರೆಯೇ ಇರಬೇಕು, ಬೇರೆ ಹೋಸ್ಟಿಂಗ್ ಖಾತೆಯಲ್ಲಿ, ಬೇರೆ ಫೋನ್ ನಂಬರಿನಲ್ಲಿ.

ಸೇರಿಸುವಾಗ ಆದದ್ದು

ಕೆಲಸ ಶುರು ಮಾಡಿದ್ದು ದೀಪಾವಳಿ ಕಳೆದ ಮೇಲೆ, 2022ರ ನವೆಂಬರ್‌ನಲ್ಲಿ. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ ಗೂಗಲ್ ಒಂದು ದೊಡ್ಡ ಬದಲಾವಣೆ ತಂದಿತ್ತು. ಓದುವವರಿಗೆ ಉಪಯೋಗವಿಲ್ಲದ ಪುಟಗಳು ಒಂದು ಸೈಟಿನಲ್ಲಿ ಜಾಸ್ತಿಯಿದ್ದರೆ ಅದೇ ಸೈಟಿನ ಒಳ್ಳೆಯ ಪುಟಗಳಿಗೂ ಏಟು ಬೀಳಬಹುದು ಅಂತ ಅವರೇ ಹೇಳಿದ್ದರು. ದೊಡ್ಡ ಸೈಟಿನ ಅಪಾಯ ಇದೇ. ಆರು ಸೈಟಿನ ಕಸವನ್ನು ಗುಡಿಸಿ ಒಂದರೊಳಗೆ ಹಾಕಿದರೆ ಅದು ದೊಡ್ಡ ಸೈಟಾಗುವುದಿಲ್ಲ, ದೊಡ್ಡ ತಿಪ್ಪೆಯಾಗುತ್ತದೆ. ಮಗ ಎಕ್ಸೆಲ್‌ನಲ್ಲಿ ಎಲ್ಲ ಪುಟಗಳ ಪಟ್ಟಿ ಮಾಡಿದ. ಸುಮಾರು 110 ಇದ್ದವು. ಒಂದೊಂದನ್ನೂ ತೆಗೆದು, ಇದನ್ನು ಅಂಗಡಿಗೆ ಬಂದವರಿಗೆ ಓದಿ ಹೇಳುತ್ತೀಯಾ ಅಂತ ನಾನು ಕೇಳುವುದು, ಇಲ್ಲ ಅಂದರೆ ಅಡ್ಡಗೆರೆ. 41 ಉಳಿದವು.

ಉಳಿದ ಪುಟಗಳಿಗೂ ಹೊಸ ಜೀವ ಬೇಕಿತ್ತು. ಅದು ಬಂದದ್ದು ಅಪ್ಪಯ್ಯನ ಬಾಯಿಂದ. ಸಂಜೆ ಗಿರಾಕಿ ಕಡಿಮೆಯಾದ ಹೊತ್ತಿಗೆ ಅವರು ಹೇಳುತ್ತಾ ಹೋಗುವುದು, ಮಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ರಾತ್ರಿ ಬರೆಯುವುದು. ಹೊಸ ತವಾವನ್ನು ಪಳಗಿಸುವ ಬಗ್ಗೆ ಅವರು ಒಂದು ಗಂಟೆ ಮಾತಾಡಿದರು. ಫ್ಯಾಕ್ಟರಿಯಿಂದ ಬಂದ ಎಣ್ಣೆ ಹೋಗುವವರೆಗೆ ತೊಳೆದು, ಸಣ್ಣ ಉರಿಯಲ್ಲಿ ಕಾಯಿಸಿ, ಅಡುಗೆ ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಬೇಕು. ಬಣ್ಣ ಕಪ್ಪಾಗುವವರೆಗೆ ಮತ್ತೆ ಮತ್ತೆ. ಮೊದಲ ದಿನದ ದೋಸೆ ಗಿರಾಕಿಗೆ ಕೊಡಬಾರದು. ಹೇಳುವಾಗ ಕೈ ಗಾಳಿಯಲ್ಲಿ ಉಜ್ಜುತ್ತಲೇ ಇತ್ತು.

ಮ್ಯಾಗ್ನೆಟ್ ಹಿಡಿದು ಸ್ಟೀಲ್ ಪರೀಕ್ಷೆ ಮಾಡುವವರ ಬಗ್ಗೆ ಇನ್ನೊಂದು ಪುಟ. ಒಳ್ಳೆಯ 304 ಗ್ರೇಡಿನ ಸ್ಟೀಲ್ ಅಂತ ಹೇಳಿ ಅಗ್ಗದ 202 ಗ್ರೇಡಿನ ಟೇಬಲ್ ಕೊಟ್ಟರೆ ಮ್ಯಾಗ್ನೆಟ್ಟಿಗೆ ಗೊತ್ತಾಗುವುದಿಲ್ಲ, ಎರಡೂ ಹೆಚ್ಚುಕಡಿಮೆ ಅಂಟುವುದಿಲ್ಲ. ಮುಂಬೈ ಹೋಟೆಲಿನವರಿಗೆ ಬಹಳ ಉಪಯೋಗಕ್ಕೆ ಬಂದದ್ದು ಗ್ಯಾಸಿನ ಪುಟ. ಸಿಲಿಂಡರ್ ಗ್ಯಾಸಿಗೆ ಮಾಡಿದ ಬರ್ನರನ್ನು ಪೈಪ್ ಗ್ಯಾಸಿಗೆ ಹಾಗೇ ಜೋಡಿಸಿದರೆ ಉರಿ ಸಾಲುವುದಿಲ್ಲ, ಗ್ಯಾಸ್ ಹೊರಬರುವ ಜೆಟ್ಟಿನ ತೂತು ದೊಡ್ಡದು ಬೇಕು. ಗಿರಾಕಿ ಭಟ್ಟಿ ಸರಿಯಿಲ್ಲ ಅಂತ ಬೈಯುವುದು, ತಪ್ಪು ಜೆಟ್ಟಿನದ್ದು. ಇಂಥ ಮಾತು ಎಂಟು ಸೈಟುಗಳಲ್ಲಿ ಎಲ್ಲೂ ಇರಲಿಲ್ಲ. ಭಟ್ಟಿ, ಬರ್ನರು, ಟೇಬಲು ಬೇರೆ ಬೇರೆ ಮನೆಯಲ್ಲಿದ್ದಾಗ ಇದನ್ನು ಎಲ್ಲಿ ಬರೆಯಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲ ಅಂತ ಮಗ ಆಮೇಲೆ ಹೇಳಿದ. ಕೊನೆಗೆ ಎಲ್ಲವನ್ನೂ ಹೆಣೆದು ಒಂದು ಉದ್ದನೆಯ ಪುಟ ಆಯಿತು: 40 ಸೀಟಿನ ಹೋಟೆಲಿಗೆ ಏನೇನು ಬೇಕು. ಇಂಗ್ಲಿಷ್, ಹಿಂದಿ, ಕನ್ನಡ ಮೂರರಲ್ಲೂ.

ಈಗ ನನ್ನ ಎರಡನೇ ತಪ್ಪು. ಹಳೆ ವಿಳಾಸಗಳನ್ನು ಹೊಸ ಸೈಟಿಗೆ ತಿರುಗಿಸುವ ಕೆಲಸವನ್ನು ಒಂದೇ ರಾತ್ರಿ ಮುಗಿಸಿದೆ. ಆರೂ ಡೊಮೇನುಗಳ ಎಲ್ಲ ಪುಟಗಳನ್ನೂ ಸೀದಾ ಮುಖಪುಟಕ್ಕೆ ತಿರುಗಿಸಿದೆ. ಪುಟಕ್ಕೆ ಪುಟ ಜೋಡಿಸುವುದು ಆಮೇಲೆ ನಿಧಾನಕ್ಕೆ ಮಾಡಿದರಾಯಿತು ಅನ್ನುವ ಲೆಕ್ಕ. 72 ಇಡ್ಲಿಯ ಸ್ಟೀಮರ್ ಬೆಲೆ ನೋಡಲು ಒತ್ತಿದವರಿಗೆ ಮುಖಪುಟ ತೆರೆಯುತ್ತಿತ್ತು. ಅಲ್ಲಿ ಆಗಸ್ಟ್‌ನಲ್ಲಿ ಹಾಕಿದ ಗಣಪತಿ ಹಬ್ಬದ ಶುಭಾಶಯ ಇನ್ನೂ ಹಾಗೇ ಇತ್ತು. ಸ್ಟೀಮರ್ ಎಲ್ಲೂ ಇಲ್ಲ. ಸಂಬಂಧವಿಲ್ಲದ ಮುಖಪುಟಕ್ಕೆ ತಿರುಗಿಸಿದ ವಿಳಾಸವನ್ನು ಗೂಗಲ್ ಪುಟವೇ ಇಲ್ಲ ಅಂತ ಎಣಿಸುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅವಸರ.

ಮೂರು ವಾರ ಕಳೆದು ಫೋನು ಪೂರ್ತಿ ನಿಂತಾಗ ತಿದ್ದಲು ಕೂತೆವು. ಮಗನ ಎಕ್ಸೆಲ್‌ನಲ್ಲಿ ಇನ್ನೊಂದು ಕಾಲಮ್ ಸೇರಿತು. ಹಳೆ ಪುಟ ಇಲ್ಲಿ, ಅದೇ ಸಾಮಾನಿನ ಹೊಸ ಪುಟ ಇಲ್ಲಿ, ಒಂದಕ್ಕೊಂದು 301 ರೀಡೈರೆಕ್ಟ್ (ಹಳೆ ವಿಳಾಸ ಒತ್ತಿದವರನ್ನು ಹೊಸದಕ್ಕೆ ಕಾಯಂ ಕಳಿಸುವ ಸೂಚನೆ). ಹೊಸ ಸೈಟಿನಲ್ಲಿ ಜೋಡಿಯೇ ಇಲ್ಲದ ಪುಟಗಳನ್ನು ಎಲ್ಲಿಗೂ ತಿರುಗಿಸದೆ ಹಾಗೇ ಸಾಯಲು ಬಿಟ್ಟೆವು.

ಆಮೇಲೆ

2023ರ ಮೊದಲ ಮೂರು ತಿಂಗಳು ಕಷ್ಟದ್ದು. ಮಗ ದಿನವೂ ಬೆಳಿಗ್ಗೆ ಗೂಗಲ್‌ನಿಂದ ಎಷ್ಟು ಜನ ಬಂದರು ಅಂತ ತೋರಿಸುವ ಸರ್ಚ್ ಕನ್ಸೋಲ್ ತೆರೆದು ಗೆರೆ ಕೆಳಗಿಳಿಯುವುದನ್ನು ನೋಡಿ ನನಗೆ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದ. ನಾನು ಏನು ಹೇಳಲಿ? ಕಾಯೋಣ ಅಂತ ಬರೆಯುತ್ತಿದ್ದೆ. ಮಳೆಗಾಲದ ಹೊತ್ತಿಗೆ ಗೆರೆ ಏರತೊಡಗಿತು. ಮೊದಲು ಏರಿದ್ದು ಗ್ಯಾಸಿನ ಪುಟ, ಆಮೇಲೆ ತವಾ ಪಳಗಿಸುವ ಪುಟ.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ಟೀಮರ್ ಸೈಟಿಗಿದ್ದ ಜಾಗ ಮತ್ತೆ ಸಿಗಲೇ ಇಲ್ಲ. ಸ್ಟೀಮರ್ ಒಂದನ್ನೇ ಕೇಳಿ ಬರುವ ಫೋನು ಇವತ್ತಿಗೂ ಮೊದಲಿಗಿಂತ ಕಡಿಮೆ. ಮಗ ಆಗಾಗ ಅದನ್ನು ಚುಚ್ಚಿ ಹೇಳುತ್ತಾನೆ, ನಾನು ಸುಮ್ನೆ ಕೇಳಿಸಿಕೊಳ್ಳುತ್ತೇನೆ. ಆ ಮೂರು ವಾರದ ನನ್ನ ಅವಸರವೂ ಅದಕ್ಕೆ ಕಾರಣವಿರಬಹುದು.

ಆದರೆ ಲೆಡ್ಜರ್ ಬೇರೆ ಮಾತು ಹೇಳಿತು. ವರ್ಷದ ಕೊನೆಗೆ ಮತ್ತೆ ಟ್ಯಾಲಿ ತೆಗೆದೆವು. ಸೈಟಿನಿಂದ ಬಂದ ಹೊಸ ಪಾರ್ಟಿಗಳ ಸಂಖ್ಯೆ ಹಿಂದಿಗಿಂತ ಕಡಿಮೆಯೇ ಇತ್ತು. ಒಬ್ಬೊಬ್ಬರ ಲೆಡ್ಜರ್ ಮಾತ್ರ ಈಗ ಉದ್ದವಾಗಿತ್ತು, ಅಪ್ಪಯ್ಯನ ಹಳೆ ಪರಿಚಯದವರದ್ದರ ಹಾಗೆ. ಈಗ ಬರುವವರು ಸ್ಟೀಮರ್ ರೇಟು ಎಷ್ಟು ಅಂತ ಕೇಳುವುದಿಲ್ಲ. “40 ಸೀಟಿನ ಪಟ್ಟಿ ನೋಡಿದೆ, ನಮ್ಮದು 25 ಸೀಟು, ಯಾವುದು ಬಿಡಬಹುದು?” ಅಂತ ಶುರು ಮಾಡುತ್ತಾರೆ. ಆ ಫೋನು ಅಪ್ಪಯ್ಯನ ಕೈಗೆ ಹೋಗುತ್ತದೆ. ಅರ್ಧ ಗಂಟೆ ಬೇಕು.

ಸೆಕೆಂಡ್ ಹ್ಯಾಂಡ್ ಸೈಟು ಪುಟ್ಟದಾಗಿಯೇ ಇದೆ. ಇರುವುದು ಎರಡೇ ಪುಟ, ಬಂದ ಸಾಮಾನಿನ ಫೋಟೊ, ರೇಟು, ವಾಟ್ಸಾಪ್ ನಂಬರ್. ಗೋಡೌನಿನ ಹುಡುಗನೇ ನೋಡಿಕೊಳ್ಳುತ್ತಾನೆ. ಅದಕ್ಕೆ ಉದ್ದನೆಯ ಬರಹ ಬೇಡ. ಸಾಮಾನು ಮಾರಿಹೋಗಿ, ಹಾಕಿದ ಫೋಟೊ ಎರಡು ದಿನದಲ್ಲಿ ತೆಗೆಯುವ ಹಾಗಾದರೆ ಸಾಕು.

ಇದೇ ಗೊಂದಲದಲ್ಲಿರುವವರಿಗೆ

ಇದನ್ನು ಕೇಳಿದ ಬೇರೆ ವ್ಯಾಪಾರಿಗಳು ಹಾಗಾದರೆ ಒಂದೇ ಸೈಟು ಸರಿ ಅಲ್ವಾ ಅಂತ ಕೇಳುತ್ತಾರೆ. ನಾನು ಮೊದಲು ಅವರ ಲೆಡ್ಜರ್ ಕೇಳುತ್ತೇನೆ. ಗಿರಾಕಿ ಒಬ್ಬನೇ ಆಗಿದ್ದು ಸಾಮಾನು ಹತ್ತಿದ್ದರೆ ಒಂದೇ ಸೈಟು. ಗಿರಾಕಿಗಳೇ ಬೇರೆ ಬೇರೆಯಾಗಿದ್ದು, ಒಬ್ಬರಿಗೆ ಹೇಳುವ ಬೆಲೆ ಇನ್ನೊಬ್ಬರ ಕಿವಿಗೆ ಬೀಳಬಾರದು ಅಂತಿದ್ದರೆ ಬೇರೆ ಸೈಟು. ಹಗಲು ಕ್ಯಾಟರಿಂಗ್, ಸಂಜೆ ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಡುವ ಡೊಂಬಿವಲಿಯ ಒಬ್ಬರಿಗೆ ಎರಡು ಸೈಟು ಬೇಕೇ ಬೇಕು ಅಂತ ನಾನೇ ಹೇಳಿದ್ದೇನೆ. ಒಂದು ಭಾಗವನ್ನು ಮುಂದೆ ಮಾರುವ ಯೋಚನೆಯಿದ್ದರೂ ಬೇರೆ ಇಡುವುದು ವಾಸಿ.

ಎರಡನೇ ಪ್ರಶ್ನೆ, ನೋಡಿಕೊಳ್ಳುವ ಕೈ ಎಷ್ಟು? ಒಂದು ಸೈಟಿಗೆ ಒಬ್ಬ ಮನುಷ್ಯ ಅಂತ ಹೆಸರು ಹಿಡಿದು ತೋರಿಸಲು ಆಗದಿದ್ದರೆ ಆ ಸೈಟು ಬೇಡ. ನಮ್ಮ ಪ್ರಕರಣದಲ್ಲಿ ಒಂಬತ್ತಕ್ಕೆ ಒಬ್ಬ ಇದ್ದ, ಅವನೂ ಅರ್ಧ ದಿನ ವಾಶಿಯಲ್ಲಿ.

ಇನ್ನು ಒಂದೇ ಬರಹವನ್ನು ಪದ ಬದಲಾಯಿಸಿ ಹತ್ತು ಸೈಟಿಗೆ ಹಾಕುವವರಿಗೆ ಲೆಡ್ಜರ್ ನೋಡುವ ಕೆಲಸವೂ ಇಲ್ಲ. ಬೇರೆ ಬೇರೆ ಹೆಸರಿನ ಸೈಟುಗಳನ್ನು ಮಾಡಿ ಎಲ್ಲರನ್ನೂ ಒಂದೇ ಕಡೆಗೆ ಎಳೆಯುವುದನ್ನು ಗೂಗಲ್ ಬಹಳ ಹಿಂದಿನಿಂದಲೂ ಸ್ಪ್ಯಾಮ್ ಅಂತಲೇ ಕರೆಯುತ್ತದೆ. ಒಂದೇ ಅಚ್ಚಿನ ಪುಟ ರಾಶಿ ಹಾಕುವವರ ಮೇಲೆ 2024ರ ಮಾರ್ಚ್‌ನಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಆ ಹೊತ್ತಿಗೆ ನಾವು ಆ ದಾರಿ ಬಿಟ್ಟಾಗಿತ್ತು. ಬಿಡದೆ ಇದ್ದಿದ್ದರೆ ಏನಾಗುತ್ತಿತ್ತೋ, ಮಗ ಅದರ ಬಗ್ಗೆ ಮಾತಾಡಲು ಇಷ್ಟಪಡುವುದಿಲ್ಲ.

ಹಳೆಯ ಆರು ಡೊಮೇನುಗಳ ವಿಷಯ ಉಳಿಯಿತು. ತಿರುಗಿಸಿದ ವಿಳಾಸಗಳನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ ಅನ್ನುತ್ತದೆ ಗೂಗಲ್. ವರ್ಷ ಕಳೆದ ಮೇಲೆ ಬಿಟ್ಟುಬಿಡೋಣವೇ ಅಂತ ಮಗ ಕೇಳಿದ. ಒಂದೊಂದಕ್ಕೂ ವರ್ಷಕ್ಕೆ ಸಾವಿರ ರೂಪಾಯಿಯ ಮೇಲೆ ಖರ್ಚು. ಚಿಮಣಿ ಸೈಟಿಗೆ ಆದ ಗತಿ ನೆನಪಿತ್ತು, ಆದರೂ ಆರಕ್ಕೂ ಎಷ್ಟು ವರ್ಷ ಕಟ್ಟುವುದು?

ಉತ್ತರ ಅಂಗಡಿಯಲ್ಲೇ ಕಂಡಿತು. ರಿಪೇರಿಗೆ ಬಂದ ಒಂದು ಗ್ರೈಂಡರ್ ಬಾಗಿಲಲ್ಲಿತ್ತು, 2017ರಲ್ಲಿ ಮಾರಿದ್ದು. ಮೋಟಾರಿನ ಮೇಲಿನ ತಗಡಿಗೆ ಅಂಟಿಸಿದ ಸ್ಟಿಕ್ಕರಿನಲ್ಲಿ ಗ್ರೈಂಡರ್ ಸೈಟಿನ ವಿಳಾಸ. ಹಿಟ್ಟು ಸಿಡಿದು, ಒರೆಸಿ ಒರೆಸಿ ಅಂಚು ಸವೆದಿದ್ದರೂ ಅಕ್ಷರ ಓದಬಹುದಿತ್ತು. ಅಂಥ ಸ್ಟಿಕ್ಕರ್ ಎಷ್ಟು ಅಡುಗೆಮನೆಗಳಲ್ಲಿ ಇವೆ ಅಂತ ಮಗ ಲೆಕ್ಕ ಹಾಕಲು ಹೊರಟ. ಅಪ್ಪಯ್ಯ ಆ ಗ್ರೈಂಡರಿನ ಕಲ್ಲನ್ನು ಕೈಯಿಂದ ಒಮ್ಮೆ ತಿರುಗಿಸಿ ನೋಡಿದರು. “ಇದು ಇನ್ನೂ ಎಂಟು ಹತ್ತು ವರ್ಷ ಓಡ್ತದೆ” ಅಂದರು.

ಐದು ಹೆಸರುಗಳನ್ನು ವರ್ಷಕ್ಕೊಮ್ಮೆ ರಿನ್ಯೂ ಮಾಡುತ್ತೇವೆ. ಗ್ರೈಂಡರ್ ಸೈಟಿನ ಹೆಸರಿಗೆ ಮಾತ್ರ ಹತ್ತು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೇವೆ.